ಬಣ್ಣದ ಕೆಳಗೆ

ಬಣ್ಣ ಬಳಿಯುವುದು ಒಂದು ಬಗೆಯ ಸುಳ್ಳೇ ಎಂದು ಕೇಳಿದರೆ ನಮ್ಮ ಜನ ಬಹುಶಃ ಹೌದೆಂದಾರು. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆ ಹುಟ್ಟಿದ್ದೇ ಆ ಅನುಮಾನದಿಂದ. ಮದುವೆಗೆ ಮುನ್ನ ಗೋಡೆಗೆ ಸುಣ್ಣ ಹೊಡೆಸುವಾಗಲೂ ಬಿರುಕು ಮುಚ್ಚಿತೆಂಬ ಸಮಾಧಾನವೇ ನಮಗೆ ಮೊದಲು. ಆದರೂ ಇಷ್ಟು ಸುಲಭವಾಗಿ ತೀರ್ಪು ಕೊಡಲು ನನಗೆ ಧೈರ್ಯ ಬಾರದು.

ಕಿನ್ನಾಳದ ಗೊಂಬೆಯನ್ನೇ ನೋಡಿ. 1997ರವರೆಗೆ ನಮ್ಮ ರಾಯಚೂರು ಜಿಲ್ಲೆಗೇ ಸೇರಿದ್ದು, ಈಗ ಕೊಪ್ಪಳ ಜಿಲ್ಲೆಯಲ್ಲಿರುವ ಊರು ಅದು. ಅಲ್ಲಿಯ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಕೂಡಿಸಿ, ಗೋಣಿಯ ನಾರನ್ನು ಹುಣಸೆ ಬೀಜದ ಅಂಟಿನೊಡನೆ ಹದಮಾಡಿ ಮೆತ್ತಿ, ಅದರ ಮೇಲೆ ಅರಳೆಯ ಚೂರು ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟು, ಕಡೆಗೆ ಬಣ್ಣ ಹಾಕುತ್ತಾರೆ. ಗರುಡನ ಮೈಯಲ್ಲಿ ಎಷ್ಟು ಸಂದುಗಳಿವೆಯೆಂದು ಕೊಳ್ಳುವವನು ಕೇಳುವುದಿಲ್ಲ, ಕೇಳಬೇಕಾದುದೂ ಇಲ್ಲ. ಸಂದು ಬಿಟ್ಟರೆ ರೆಕ್ಕೆ ಕಳಚೀತು, ಯಾರ ಪ್ರಾಣವೂ ಹೋಗದು.

ಹೆಚ್ಚು ಕಡಮೆ ಇದೇ ಬಗೆಯ ಕೆಲಸದಿಂದ ವಿಮಾನವನ್ನೂ ಕಟ್ಟುತ್ತಾರೆಂದರೆ ಓದುಗರಿಗೆ ಸೋಜಿಗವೆನಿಸಬಹುದು. ಅಮೆರಿಕದ ಬರ್ಟ್ ರೂಟನ್ ಎಂಬಾತನ ‘ಲಾಂಗ್-ಈಝಿ’ 1979ರಲ್ಲಿ ಮೊದಲು ಹಾರಿತು. ಹವ್ಯಾಸಿಗಳು ನಕ್ಷೆ ತರಿಸಿಕೊಂಡು ತಮ್ಮ ಕಾರಿನ ಷೆಡ್ಡಿನಲ್ಲೇ ಅದನ್ನು ಕಟ್ಟಿದರು. ಬೆಂಗಳೂರಿನ ಎನ್.ಎ.ಎಲ್. ಪ್ರಯೋಗಾಲಯದವರೂ 1980ರ ದಶಕದಲ್ಲಿ ಆ ಮಾದರಿಯದೊಂದನ್ನು ಕಟ್ಟಿ ಹಾರಿಸಿದರು. ಅವರದೇ ಎರಡು ಆಸನದ ‘ಹಂಸ’ ಹಾರಿದ್ದು 1993ರಲ್ಲಿ.

ಹಗುರವಾದ ಫೋಮಿನ ಮೇಲೆ ಗಾಜಿನ ನೂಲಿನ ಬಟ್ಟೆ ಹಾಸಿ, ಎಪಾಕ್ಸಿ ರಾಳ ಕುಡಿಸುತ್ತಾರೆ. ಗಟ್ಟಿಯಾದ ಮೇಲೂ ಆ ಪದರದೊಳಕ್ಕೆ ಬೆಳಕು ಹಾಯುತ್ತದೆ. ಗಾಳಿಯ ಗುಳ್ಳೆ ಉಳಿದಿದ್ದರೆ ಬಿಳಿಯ ಮಚ್ಚೆಯಾಗಿ ಕಾಣುತ್ತದೆ. ನಾಣ್ಯದಿಂದ ತಟ್ಟಿದರೆ ಅಂಟು ಬಿಟ್ಟ ಕಡೆ ಸದ್ದು ಸಪ್ಪೆ. ಸಂತೆಯಲ್ಲಿ ಗಡಿಗೆ ಬಡಿದು ಕೊಳ್ಳುವ ನಮ್ಮ ಹೆಂಗಸರಿಗೆ ಈ ಶಾಸ್ತ್ರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆಮೇಲೆ ನೇಯ್ಗೆಯ ಗುಳಿಗಳನ್ನು ತುಂಬಬೇಕು. ಹಿಟ್ಟಿನಂತೆ ನುಣ್ಣಗಿರುವ ಪೊಳ್ಳು ಗಾಜಿನ ಗುಂಡುಗಳನ್ನು ರಾಳದಲ್ಲಿ ಕಲಸಿ ಮೆತ್ತಿ, ಉದ್ದನೆಯ ಹಲಗೆಗೆ ಮರಳು ಕಾಗದ ಅಂಟಿಸಿ ವಾರಗಟ್ಟಲೆ ಉಜ್ಜುತ್ತಾರೆ. ಉಜ್ಜುವ ಉತ್ಸಾಹ ಮಿತಿಮೀರಿದರೆ ಕೆಳಗಿನ ಗಾಜಿನ ಎಳೆಯೇ ತುಂಡಾಗಿ, ಅಂದ ಬಂದಷ್ಟೂ ಬಲ ಹೋಗುತ್ತದೆ.

ಕೊನೆಗೆ ಬಣ್ಣ. ಇದು ಬರಿಯ ಶೃಂಗಾರವೆನ್ನುವಂತಿಲ್ಲ. ಬಿಸಿಲಿನ ಅತಿನೇರಳೆ ಕಿರಣ ರಾಳವನ್ನೂ ಫೋಮನ್ನೂ ತಿನ್ನುತ್ತದೆ. ಕಾವು ಏರಿದರೆ ರಾಳ ಮೆತ್ತಗಾಗುತ್ತದೆ. ನಲವತ್ತು ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಕಪ್ಪು ಬಣ್ಣದ ರೆಕ್ಕೆಯನ್ನು ಬಯಲಲ್ಲಿ ನಿಲ್ಲಿಸಿದರೆ ಆಗುವ ಗತಿಯನ್ನು ಬಲ್ಲವರೇ ಬಲ್ಲರು. ಇಂಥ ವಿಮಾನಗಳು ಬಹುಮಟ್ಟಿಗೆ ಬೆಳ್ಳಗಿರುವುದು ಇದಕ್ಕಾಗಿಯೇ. ಆ ಮಟ್ಟಿಗೆ ಬಣ್ಣವೆಂಬುದು ರೆಕ್ಕೆಗೆ ಹಿಡಿದ ಕೊಡೆ.

ಆದರೆ ಅದೇ ಬಣ್ಣ ಬಿದ್ದೊಡನೆ ಆ ಬಿಳಿಯ ಮಚ್ಚೆ ಯಾರ ಕಣ್ಣಿಗೂ ಸಿಗದು. ಬಣ್ಣದ ಹಿಂದಿನ ರಾತ್ರಿ, ವರ್ಷಗಟ್ಟಲೆ ದುಡಿದವನೊಬ್ಬನು ರೆಕ್ಕೆಯ ಬುಡದಲ್ಲಿ ಅಂಥದೊಂದನ್ನು ಕಂಡನೆನ್ನಿ. ಕಿತ್ತು ಮತ್ತೆ ಮಾಡಹೊರಟರೆ ತಿಂಗಳುಗಳ ಕೆಲಸ. ಬಿಟ್ಟರೆ ಬಹುಶಃ ಏನೂ ಆಗದು. ಹಾರುವವನು ತಾನೇ, ಪ್ರಾಣವೂ ತನ್ನದೇ, ಕೇಳುವವರು ಯಾರು ಎಂದು ವಾದಿಸುವವರಿದ್ದಾರೆ. ನನಗೆ ಈ ವಾದ ಒಪ್ಪಿಗೆಯಾಗದು. ಆ ವಿಮಾನದಲ್ಲಿ ಎರಡನೆಯ ಆಸನವೊಂದಿದೆ. ಅಲ್ಲಿ ಕೂತ ಮಗನೋ ಗೆಳೆಯನೋ ಮಚ್ಚೆಯ ಸುದ್ದಿ ಕೇಳಿ ಹತ್ತಿದವರಲ್ಲ. ಇಂದಲ್ಲ ನಾಳೆ ಅದು ಮಾರಾಟವೂ ಆದೀತು. ಪರೀಕ್ಷಕರಿದ್ದಾರಲ್ಲ ಎನ್ನುವಿರಾ? ಬಣ್ಣ ಒಣಗಿದ ಮೇಲೆ ಬಂದ ಪರೀಕ್ಷಕನಿಗೆ ಬೆಳಕು ಹಾಯಿಸಿ ನೋಡುವ ದಾರಿಯೇ ಉಳಿದಿರುವುದಿಲ್ಲ. ಮುಚ್ಚುವುದು ತಪ್ಪೆಂದು ನಾನು ಹೇಳಲಾರೆ. ಇನ್ನೊಬ್ಬನಿಗೆ ತೋರಿಸದೆ ಮುಚ್ಚುವ ಅಧಿಕಾರ ಕಟ್ಟಿದವನಿಗಿದೆಯೇ ಎಂಬುದೇ ನನ್ನ ಪ್ರಶ್ನೆ. ಗೊಂಬೆಯ ಚಿತ್ರಗಾರನಿಗೆ ಇದೆ. ಇವನಿಗೆ ಇಲ್ಲವೆಂದೇ ನನಗೆ ತೋರುತ್ತದೆ.

ಈ ಕಸಬಿನಲ್ಲಿ ನನಗೆ ಬಹಳ ಹಿಡಿಸಿದ ನಿಯಮವೊಂದುಂಟು. ವಿಮಾನದ ಮೂತಿಯನ್ನು ಏರಿಸಿ ಇಳಿಸುವ ಎಲಿವೇಟರ್ ಎಂಬ ಪಟ್ಟಿಯನ್ನು ಬಣ್ಣ ಒಣಗಿದ ಬಳಿಕ ಮತ್ತೆ ತೂಗಿ, ಕೀಲಿನ ಮೇಲೆ ಸಮತೋಲ ನೋಡುತ್ತಾರೆ. ಕೀಲಿನ ಹಿಂಬದಿಯಲ್ಲಿ ಬಣ್ಣದ ಭಾರ ಹೆಚ್ಚಾದರೆ, ವೇಗ ಏರಿದಾಗ ಅದು ಪಟಪಟನೆ ಬಡಿದುಕೊಂಡು ಮುರಿಯಬಹುದು. ತೂಕ ಮಿತಿ ಮೀರಿದ್ದರೆ, ಕನ್ನಡಿಯಂತೆ ಹೊಳೆಯುತ್ತಿರುವ ಆ ಬಣ್ಣವನ್ನು ಉಜ್ಜಿ ತೆಗೆದು ಇನ್ನೊಮ್ಮೆ ತೂಗಬೇಕು.