ಶೌಚವೂ ಸಮ್ಮತಿಯೂ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ಎಂಜಲೆಂಬ ಮಾತನ್ನು ಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ. ತುಟಿ ಸೋಕಿದ ಲೋಟ ಬೇರೆ, ಎತ್ತಿ ಕುಡಿದ ಲೋಟ ಬೇರೆಯೆಂಬುದನ್ನು ಅವು ಅಕ್ಷರಕ್ಕೆ ಮುಂಚೆಯೇ ಕಲಿಯುತ್ತವೆ. ಈ ನಿಯಮಕ್ಕೆ ಅಪವಾದವೊಂದಿತ್ತು. ಗಂಡನು ಉಂಡೆದ್ದ ಎಲೆಯಲ್ಲಿ ಹೆಂಡತಿ ಉಣ್ಣುವುದು ಹಿಂದೆ ಅನೇಕ ಮನೆಗಳಲ್ಲಿ ಧರ್ಮವೆನಿಸಿತ್ತು. ಅವನ ಎಂಜಲು ಅವಳಿಗೆ ಪ್ರಸಾದ. ಅವಳ ಎಂಜಲು ಅವನಿಗೆ ಎಂಜಲೇ. ಪುರುಷನು ಸ್ತ್ರೀಯ ಗುಹ್ಯಾಂಗವನ್ನು ಬಾಯಿಂದ ಸೋಕುವ ರತಿಕ್ರಮದ ವಿಷಯದಲ್ಲಿ ಲೋಕಕ್ಕಿರುವ ಹೇವರಿಕೆಯನ್ನು ವಿಚಾರಿಸುವಾಗ ಆ ಎಲೆಯನ್ನು ಮರೆಯಲಾಗದು.

ಈ ಹೇವರಿಕೆ ಮಲಗುವ ಮನೆಯಲ್ಲಿ ಹುಟ್ಟಿದುದಲ್ಲ. ಮುಟ್ಟಾದವಳು ಮೂರು ದಿನ ಹೊರಗೆ ಕೂಡುವ ಪದ್ಧತಿಯಲ್ಲಿ ಅದರ ಬೇರಿದೆ. ತುಮಕೂರು ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯಾಚೆಯ ಗುಡಿಸಲಿನಲ್ಲಿರಿಸುವ ವಾಡಿಕೆ ಇನ್ನೂ ಅಳಿದಿಲ್ಲ. 2023ರಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ ಹಾಗೆ ಹೊರಗಿದ್ದ ಹಸುಳೆಯೊಂದು ತೀರಿಹೋಯಿತು. ಇದನ್ನು ಒಂದು ಕುಲದ ದೋಷವೆಂದೆಣಿಸುವುದು ಸಲ್ಲದು. ಓದಿದವರ ಮನೆಗಳಲ್ಲಿ ಗುಡಿಸಲು ಹೋಗಿದೆ, ಮೈಲಿಗೆ ಉಳಿದಿದೆ. ತನ್ನ ದೇಹದ ಒಂದು ಭಾಗವನ್ನು ಹೆಸರಿಟ್ಟು ಹೇಳಲಾರದೆ ಬೆಳೆದ ಹುಡುಗಿ ಉರಿ, ತುರಿಕೆ, ಬಿಳಿಸೆರಗುಗಳು ಬಂದರೂ ವೈದ್ಯರ ಮುಂದೆ ತಲೆ ತಗ್ಗಿಸುತ್ತಾಳೆ. ಸುಖದ ಮಾತಂತೂ ದೂರವೇ ಉಳಿಯಿತು. ವೈದ್ಯೆಯೂ ಆಗಿದ್ದ ಅನುಪಮಾ ನಿರಂಜನರು 'ದಾಂಪತ್ಯ ದೀಪಿಕೆ'ಯನ್ನು ಬರೆದು ಈ ಮೌನವನ್ನು ಕೆಲಮಟ್ಟಿಗೆ ಮುರಿದರು.

ಇಂಥ ವಿಷಯವು ಬರಹಕ್ಕೆ ತಕ್ಕುದಲ್ಲವೆಂಬುದು ಹಿಂದಿನವರ ಮತವಲ್ಲ. ಚಂದ್ರರಾಜನ 'ಮದನತಿಲಕ', ಕಲ್ಲರಸನ 'ಜನವಶ್ಯ'ಗಳು ಕನ್ನಡದಲ್ಲಿಯೇ ಇವೆ. ವಾತ್ಸ್ಯಾಯನನಂತೂ ಕಾಮಸೂತ್ರದಲ್ಲಿ ಔಪರಿಷ್ಟಕಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಆದರೆ ಅದರ ಬಹುಭಾಗವೆಲ್ಲ ಪುರುಷನಿಗೆ ಸಲ್ಲುವ ಸೇವೆಯ ವಿವರಣೆ. ಪುರುಷರೂ ಸ್ತ್ರೀಯರಿಗೆ ಹೀಗೆ ಮಾಡುವುದುಂಟು, ಅದರ ಕ್ರಮವನ್ನು ಮುಖಚುಂಬನದಿಂದ ತಿಳಿಯತಕ್ಕದ್ದು ಎಂಬ ಮಾತು ಕೊನೆಯಲ್ಲಿ ಚುಟುಕಾಗಿ ಬರುತ್ತದೆ. ಶೌಚದ ಪ್ರಶ್ನೆಗೆ ಅವನು ಸ್ಮೃತಿಯೊಂದನ್ನು ತರುತ್ತಾನೆ: ಹಾಲು ಸುರಿಸುವಾಗ ಕರುವಿನ ಬಾಯಿ, ಬೇಟೆಯಲ್ಲಿ ನಾಯಿಯ ಬಾಯಿ, ಹಣ್ಣು ಕೆಡವುವ ಹಕ್ಕಿಯ ಕೊಕ್ಕು, ರತಿಯಲ್ಲಿ ಹೆಣ್ಣಿನ ಬಾಯಿ, ಇವು ಶುದ್ಧವೆಂದು. ಪುರುಷನ ಭೋಗಕ್ಕೆ ಒದಗುವ ಬಾಯಿ ಶುದ್ಧವಾಯಿತು. ಅವಳ ಉಳಿದ ಮೈಯ ಮಾತನ್ನು ಸ್ಮೃತಿ ಎತ್ತಲಿಲ್ಲ. ದೇಶಾಚಾರವನ್ನೂ ತನ್ನ ಮನಸ್ಸನ್ನೂ ನೋಡಿ ನಡೆಯತಕ್ಕದ್ದೆಂದು ಅವನ ನಿರ್ಣಯ. ಯಾರ ಮನಸ್ಸು ಎಂಬುದನ್ನು ಕೇಳುವವರು ಆಗ ಇರಲಿಲ್ಲ.

ಮೈಲಿಗೆ ಒಂದು, ರೋಗ ಇನ್ನೊಂದು. ಯೋನಿಯಲ್ಲಿ ಸಹಜವಾಗಿ ವಾಸಿಸುವ ಸೂಕ್ಷ್ಮಜೀವಿಗಳು ಹುಳಿಯನ್ನುಂಟುಮಾಡಿ ಅದನ್ನು ಕಾಪಾಡುತ್ತವೆ. ಹೊರಭಾಗಕ್ಕೆ ನೀರು ಸಾಕು, ಒಳಗೆ ಸೋಪನ್ನೂ ಸುಗಂಧದ್ರವಗಳನ್ನೂ ಹಾಕಿ ತೊಳೆದರೆ ಕೆಡುಕೇ. ಬಾಯಿಯೂ ಸೂಕ್ಷ್ಮಜೀವಿಗಳಿಂದ ತುಂಬಿದ್ದೇ. ಶುಚಿಯ ಪಂದ್ಯದಲ್ಲಿ ಅದೇ ಗೆಲ್ಲುವುದೆಂಬ ಭರವಸೆಯೇನೂ ಬೇಡ. ಅಪಾಯಗಳಿಲ್ಲವೆಂದಲ್ಲ. ತುಟಿಯ ಮೇಲೆ ನೀರುಗುಳ್ಳೆಯೆಬ್ಬಿಸುವ ಹರ್ಪಿಸ್ ವೈರಸ್ಸು ಅಲ್ಲಿಂದ ಗುಹ್ಯಾಂಗಕ್ಕೆ ಅಂಟುತ್ತದೆ. ಸಿಫಿಲಿಸ್, ಗೊನೋರಿಯಾಗಳೂ ಹಬ್ಬಬಲ್ಲವು. ಪ್ಯಾಪಿಲೋಮಾ ವೈರಸ್ಸಿನ ಕೆಲವು ಬಗೆಗಳು ಗಂಟಲಿನ ಕ್ಯಾನ್ಸರಿಗೂ ಕಾರಣವಾಗುತ್ತವೆ, ಅದಕ್ಕೆ ಲಸಿಕೆಯುಂಟು. ಎಚ್.ಐ.ವಿ. ಹೀಗೆ ಹರಡುವುದು ಬಹಳ ಅಪರೂಪ. ಹೊಗೆಸೊಪ್ಪು ಅಗಿದು ಹುಣ್ಣಾದ ಬಾಯಿ, ರಕ್ತ ಜಿನುಗುವ ವಸಡು ಇದ್ದವರು ದೂರವಿರುವುದು ಲೇಸು. ತೆಳುವಾದ ರಬ್ಬರಿನ ಹಾಳೆಯ ಮರೆ ಅಪಾಯವನ್ನು ತಗ್ಗಿಸುತ್ತದೆ. ಯೋನಿಯೊಳಗೆ ಗಾಳಿ ಊದುವುದು ಗರ್ಭಿಣಿಗೆ ಪ್ರಾಣಾಪಾಯ. ಇವುಗಳಲ್ಲಿ ಹಲವು ಗಂಡಿನ ಬಾಯಿಂದ ಹೆಣ್ಣಿಗೆ ತಗಲುವ ತೊಂದರೆಗಳೆಂಬುದನ್ನು ಮೈಲಿಗೆಯ ಲೆಕ್ಕ ಎಂದೂ ಹೇಳದು.

ಹೇಸಿಗೆ ಅಪರಾಧವಲ್ಲ. ತನಗೊಲ್ಲದುದನ್ನು ಒಲ್ಲೆನೆನ್ನಲು ಗಂಡನಿಗೂ ಹೆಂಡತಿಗೂ ಸಮಾನ ಸ್ವಾತಂತ್ರ್ಯವಿದೆ. ಆದರೆ ತನಗೆ ಬೇಕಾದ ಸೇವೆಯನ್ನು ಹೆಂಡತಿಯ ಬಾಯಿಂದ ಹಕ್ಕೆಂದು ಪಡೆದು, ಅವಳ ಸರದಿ ಬಂದಾಗ ಮಡಿಯನ್ನು ನೆನೆಯುವವನು ಶುಚಿಯನ್ನು ರಕ್ಷಿಸುತ್ತಿಲ್ಲ. ಆ ಎಂಜಲೆಲೆಯನ್ನೇ ಮತ್ತೆ ಅವಳ ಮುಂದಿಡುತ್ತಿದ್ದಾನೆ. ಅವಳು ಬೇಡವೆಂದರೂ ತನ್ನ ಔದಾರ್ಯವನ್ನು ಅವಳ ಮೇಲೆ ಹೇರುವವನೂ ಅವನಿಗಿಂತ ಮೇಲಲ್ಲ.

ರಾಜಶಾಸನ ಈ ಮಾತನ್ನು ಅರ್ಧ ಒಪ್ಪಿದೆ. ಪ್ರಕೃತಿವಿರುದ್ಧ ಸಂಭೋಗವೆಂದು 377ನೆಯ ಕಲಮು ದಂಡಿಸುತ್ತಿದ್ದುದನ್ನು ಸುಪ್ರೀಂ ಕೋರ್ಟು 2018ರಲ್ಲಿ, ಸಮ್ಮತಿಯುಳ್ಳ ವಯಸ್ಕರ ಮಟ್ಟಿಗೆ ಕಿತ್ತುಹಾಕಿತು. ಅದಕ್ಕೂ ಮುಂಚೆ 2013ರ ತಿದ್ದುಪಡಿಯಿಂದ, ಸ್ತ್ರೀಯ ಸಮ್ಮತಿಯಿಲ್ಲದೆ ಅವಳ ಗುಹ್ಯಾಂಗಕ್ಕೆ ಬಾಯಿ ಹಚ್ಚುವುದೂ ಅತ್ಯಾಚಾರವೆನಿಸಿತು. ಹದಿನೆಂಟು ತುಂಬಿದ ಹೆಂಡತಿಯ ವಿಷಯದಲ್ಲಿ ಮಾತ್ರ ಗಂಡನಿಗೆ ವಿನಾಯಿತಿ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮಿನಲ್ಲಿಯೂ ಅದನ್ನು ಉಳಿಸಿಕೊಳ್ಳಲಾಯಿತು. 2022ರ ಮಾರ್ಚಿಯಲ್ಲಿ ಕರ್ನಾಟಕ ಹೈಕೋರ್ಟು, ಹೆಂಡತಿಯೇ ಹೊರಿಸಿದ ಅತ್ಯಾಚಾರದ ಆರೋಪದಿಂದ ಗಂಡನೊಬ್ಬನನ್ನು ಬಿಡಲೊಪ್ಪದೆ, ವಿಚಾರಣೆ ನಡೆಯಲೆಂದಿತು. ಅದೇ ವರ್ಷದ ಜುಲೈಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು.