ಕೆಟ್ಟ ದಿನ ಎಂಬುದು ಎಲ್ಲಿಂದ ಬಂತು?

ಶುಕ್ರವಾರ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಬೆಟ್ಟದ ಪಾದದಲ್ಲಿ ಬಸ್ಸಿಳಿದ ಕೆಲವು ಭಕ್ತರು ಮೆಟ್ಟಿಲು ಹತ್ತದೆ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಡುತ್ತಾರೆ. "ಹತ್ತೋದಿಲ್ವಾ ತಾಯಿ?" ಎಂದು ಹೂವಿನವಳು ಕೇಳಿದರೆ, "ರಾಹುಕಾಲ ಕಣವ್ವಾ, ಹನ್ನೆರಡಾಗಲಿ" ಎನ್ನುತ್ತಾರೆ. ಹನ್ನೆರಡಕ್ಕೆ ಹೊರಟು, ಏದುಸಿರು ಬಿಡುತ್ತಾ ಮೇಲೆ ಬರುವಷ್ಟರಲ್ಲಿ ಮಹಾಮಂಗಳಾರತಿ ಮುಗಿದಿರುತ್ತದೆ. ದೇವರನ್ನು ಕಾಣಲು ಅಷ್ಟು ದೂರದಿಂದ ಬಂದವರನ್ನು ಮೆಟ್ಟಿಲ ಕೆಳಗೇ ಕೂರಿಸಿದ ಈ ರಾಹುಕಾಲ ಯಾವುದು ಎಂದು ಭಕ್ತಾದಿಗಳು ಸ್ವಲ್ಪ ಯೋಚಿಸಬೇಕು.

ಪುರಾಣದ ಕಥೆ ಎಲ್ಲರಿಗೂ ಗೊತ್ತು. ಅಮೃತ ಹಂಚುವಾಗ ರಾಕ್ಷಸನೊಬ್ಬ ವೇಷ ಮರೆಸಿಕೊಂಡು ದೇವತೆಗಳ ಸಾಲಿನಲ್ಲಿ ಕುಳಿತ. ಸೂರ್ಯ ಚಂದ್ರರು ಅದನ್ನು ಹೇಳಿಕೊಟ್ಟರು. ವಿಷ್ಣುವಿನ ಚಕ್ರಕ್ಕೆ ತಲೆ ಹೋಯಿತು. ಆ ತಲೆಯೇ ರಾಹು, ಮುಂಡವೇ ಕೇತು. ಕಥೆಯ ಪ್ರಕಾರವೇ ನೋಡಿದರೂ ರಾಹುವಿನ ಜಗಳ ಸೂರ್ಯ ಚಂದ್ರರ ಮೇಲೆ. ಮೈಸೂರು ಬಸ್ಸು ಹತ್ತುವವರ ಮೇಲಲ್ಲ!

ಇನ್ನು ಲೆಕ್ಕಕ್ಕೆ ಬರೋಣ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಎಂಟು ಭಾಗ ಮಾಡಿ, ವಾರಕ್ಕೊಂದರಂತೆ ಒಂದು ಭಾಗವನ್ನು ರಾಹುವಿಗೆ ಬಿಟ್ಟಿದ್ದಾರೆ. ಸೋಮವಾರ ಎರಡನೆಯದು, ಶನಿವಾರ ಮೂರನೆಯದು, ಶುಕ್ರವಾರ ನಾಲ್ಕನೆಯದು, ಹೀಗೆ. ಬೆಳಿಗ್ಗೆ ಆರಕ್ಕೆ ಸೂರ್ಯ ಹುಟ್ಟಿ ಸಂಜೆ ಆರಕ್ಕೆ ಮುಳುಗುತ್ತಾನೆ ಎಂದಿಟ್ಟುಕೊಂಡು ಕ್ಯಾಲೆಂಡರಿನಲ್ಲಿ ಸೋಮವಾರ 7.30ರಿಂದ 9 ಎಂದು ಅಚ್ಚು ಹಾಕುತ್ತಾರೆ. ಆದರೆ ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದೇ ಸುಮಾರು 6.45ಕ್ಕೆ. ಆ ಲೆಕ್ಕದಲ್ಲಿ ಸೋಮವಾರದ ರಾಹುಕಾಲ ಶುರುವಾಗುವುದು 8 ಗಂಟೆ ದಾಟಿದ ಮೇಲೆ. ಕ್ಯಾಲೆಂಡರು ನೋಡಿ ಏಳೂವರೆಗೆ ಹೆದರಿ ಕುಳಿತವರು ರಾಹು ಬರುವ ಮೊದಲೇ ಹೆದರಿದಂತಾಯಿತು.

ಇನ್ನೊಂದು ವಿಷಯ. ಭಾನುವಾರ, ಸೋಮವಾರ ಎಂಬ ವಾರದ ಲೆಕ್ಕವೇ ವೇದಕಾಲದಲ್ಲಿ ಇರಲಿಲ್ಲ. ಆಗ ಇದ್ದದ್ದು ತಿಥಿ, ನಕ್ಷತ್ರ. ಗ್ರಹಗಳ ಹೆಸರಿನ ವಾರಗಳು ಗ್ರೀಕರ ಸಂಪರ್ಕದಿಂದ ಆಮೇಲೆ ಬಂದವು. ವಾರವೇ ಇಲ್ಲದಾಗ ವಾರ ನೋಡಿ ಹೇಳುವ ರಾಹುಕಾಲ ಎಲ್ಲಿಂದ ಬರಬೇಕು?

ವಾರದ ಹೆಸರು ಸಿಗುವ ನಮ್ಮ ದೇಶದ ಅತಿ ಹಳೆಯ ಶಾಸನಗಳಲ್ಲಿ ಒಂದು ಮಧ್ಯಪ್ರದೇಶದ ಸಾಗರ ಜಿಲ್ಲೆಯ ಏರಣ್‌ನಲ್ಲಿದೆ. ಬುಧಗುಪ್ತನ ಕಾಲದ್ದು, ಕ್ರಿ.ಶ. 484. ಮಾತೃವಿಷ್ಣು, ಧನ್ಯವಿಷ್ಣು ಎಂಬ ಅಣ್ಣತಮ್ಮಂದಿರು ಜನಾರ್ದನ ಸ್ವಾಮಿಗೆ ಧ್ವಜಸ್ತಂಭ ನಿಲ್ಲಿಸಿದ್ದನ್ನು ಅದು ಹೇಳುತ್ತದೆ. ಅದರಲ್ಲಿರುವ ದಿನ ಗುರುವಾರ, ಶುದ್ಧ ದ್ವಾದಶಿ. ಮಾಸ ಯಾವುದು ಗೊತ್ತೇ? ಆಷಾಢ! ಇಂದು ಆಷಾಢದಲ್ಲಿ ಮನೆಗೆ ಹೊಸ ಬಾಗಿಲು ಇಡಲೂ ಹಿಂದೆ ಮುಂದೆ ನೋಡುತ್ತಾರೆ. ಅವರು ದೇವರ ಕಂಬವನ್ನೇ ನಿಲ್ಲಿಸಿದರು.

ಹಾಗಾದರೆ ಆಷಾಢ ಕೆಟ್ಟದ್ದು ಎಂದು ಏಕೆ ಬಂತು? ಮಳೆ ಹಿಡಿಯುವ ಕಾಲ, ಹೊಲಗದ್ದೆ ಕೆಲಸ ಮೈಮೇಲೆ ಬಿದ್ದಿರುತ್ತದೆ, ಕೈಯಲ್ಲಿ ಕಾಸಿಲ್ಲ, ಹಾದಿಯೆಲ್ಲ ಕೆಸರು. ಮದುವೆ ಮಾಡಿದರೆ ನೆಂಟರು ಬರುವುದು ಹೇಗೆ? ಹೊಸ ಸೊಸೆಯನ್ನು ತವರಿಗೆ ಕಳಿಸುವುದಕ್ಕೂ ಹಿರಿಯರು ಒಂದು ಕಾರಣ ಹೇಳ್ತಾರೆ. ಆಷಾಢದಲ್ಲಿ ಬಸಿರಾದರೆ ಹೆರಿಗೆ ಚೈತ್ರದ ಬಿಸಿಲಿಗೆ ಬರುತ್ತದೆ, ಬಾಣಂತಿಗೂ ಕೂಸಿಗೂ ಕಷ್ಟ. ಅದು ಅನುಕೂಲದ ಮಾತು. ಅನುಕೂಲ ಮರೆತುಹೋಗಿ ಹೆದರಿಕೆ ಉಳಿಯಿತು. ಅದೇ ಆಷಾಢದ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆಷಾಢ ಏಕಾದಶಿಗೆ ಪಂಢರಪುರಕ್ಕೆ ಲಕ್ಷಾಂತರ ಜನ ನಡೆದೇ ಹೋಗುತ್ತಾರೆ.

ಅಮಾವಾಸ್ಯೆಯೂ ಹೀಗೆಯೇ. ದೀಪವಿಲ್ಲದ ಕಾಲದಲ್ಲಿ ಚಂದ್ರನಿಲ್ಲದ ರಾತ್ರಿ ಎಂದರೆ ಕಳ್ಳರು, ಹಾವು, ಕಾಡುಪ್ರಾಣಿಗಳ ಭಯ. ಹೊರಡಬೇಡಿ ಎಂದರು, ಸರಿ. ಆದರೆ ಲಕ್ಷ್ಮೀಪೂಜೆ ದೀಪಾವಳಿ ಅಮಾವಾಸ್ಯೆಗೇ ಅಲ್ವೇ? ಮಲೆ ಮಹದೇಶ್ವರ ಬೆಟ್ಟದಲ್ಲಿ ಪ್ರತಿ ಅಮಾವಾಸ್ಯೆಗೂ ಜನಸಾಗರ. ಪಕ್ಕದ ತಮಿಳುನಾಡಿನಲ್ಲಿ ಅಮಾವಾಸ್ಯೆ ಹೊಸ ಕೆಲಸಕ್ಕೆ ಒಳ್ಳೆಯ ದಿನ. ಗಡಿ ದಾಟಿದ ಕೂಡಲೇ ಒಂದೇ ದಿನ ಕೆಟ್ಟದ್ದು ಹೋಗಿ ಒಳ್ಳೆಯದಾಗುತ್ತದೆಯೇ? ಅಷ್ಟಮಿ ನವಮಿ ಬೇಡ ಎನ್ನುವವರಿಗೆ ಕೃಷ್ಣ ಹುಟ್ಟಿದ್ದು ಅಷ್ಟಮಿ, ರಾಮ ಹುಟ್ಟಿದ್ದು ನವಮಿ ಎಂದಷ್ಟೇ ಹೇಳಿದರೆ ಸಾಕು.

ಪಂಚಾಂಗವೇ ಬೇಡ ಎಂದಲ್ಲ. ತೇರು, ಜಾತ್ರೆ, ವ್ರತ ಎಲ್ಲಕ್ಕೂ ಪಂಚಾಂಗ ಬೇಕು. ಮೆಟ್ಟಿಲ ಕೆಳಗೆ ಕುಳಿತವರಿಗೆ ಒಂದು ಮಂಗಳಾರತಿ ತಪ್ಪಬಹುದು, ನಾಳೆ ಮತ್ತೆ ಇದೆ. ಆದರೆ ಎದೆನೋವು ಎಂದವರನ್ನು "ಇವತ್ತು ಮಂಗಳವಾರ, ನಾಳೆ ಆಸ್ಪತ್ರೆಗೆ ಹೋಗೋಣ" ಎಂದು ಮಲಗಿಸುವ ಮನೆಗಳಿವೆ. ಮೂಲಾ ನಕ್ಷತ್ರದವಳು, ಮಾವನಿಗೆ ಆಗಲ್ಲ ಎಂದು ಹೆಣ್ಣು ನೋಡಲೂ ಬಾರದವರಿದ್ದಾರೆ. ಆ ಹುಡುಗಿ ಮಾಡಿದ ತಪ್ಪೇನು? ನವರಾತ್ರಿಯಲ್ಲಿ ಸರಸ್ವತಿಯನ್ನು ಮನೆಗೆ ಕರೆಯುವುದು ಇದೇ ಮೂಲಾ ನಕ್ಷತ್ರದಲ್ಲಿ. ಹನ್ನೆರಡನೇ ಶತಮಾನದಲ್ಲೇ ಬಸವಣ್ಣನವರು ಲಗ್ನ, ರಾಶಿಕೂಟದ ಗೊಡವೆ ಬೇಡವೆಂದು ವಚನದಲ್ಲಿ ಹೇಳಿಬಿಟ್ಟಿದ್ದಾರೆ.

ಹಾಗೆ ನೋಡಿದರೆ ಮಂಗಳವಾರ, ಶುಕ್ರವಾರ ರಾಹುಕಾಲದಲ್ಲೇ ದುರ್ಗೆಗೆ ನಿಂಬೆಹಣ್ಣಿನ ದೀಪ ಹಚ್ಚುವ ಹೆಣ್ಣುಮಕ್ಕಳು ಎಷ್ಟೋ ಊರುಗಳಲ್ಲಿ ಇದ್ದಾರೆ. ಹತ್ತೂವರೆಗೆ ಕಟ್ಟೆಯ ಮೇಲೆ ಕೂರುವವರ ಪಕ್ಕದಲ್ಲೇ ಅಂಥವರು ದೀಪದ ತಟ್ಟೆ ಹಿಡಿದುಕೊಂಡು, ಹೊತ್ತು ಮೀರೀತು ಎಂದು ಬೇಗ ಬೇಗ ಮೆಟ್ಟಿಲು ಹತ್ತಿ ಹೋಗುತ್ತಿರುತ್ತಾರೆ.