ಮಸಿ ಕಾಣದ ಪೆನ್ನು

2009ರಲ್ಲಿ ಮಾಂಟ್‌ಬ್ಲಾಂಕ್ ಕಂಪನಿ ಗಾಂಧಿ ಹೆಸರಲ್ಲಿ ಒಂದು ಪೆನ್ನು ತಂತು. ಚಿನ್ನದ ನಿಬ್ಬಿನ ಮೇಲೆ ಕೋಲು ಹಿಡಿದ ಗಾಂಧಿ, ನಡುವಿಗೆ ನೂಲಿನ ಹಾಗೆ ಸುತ್ತಿದ ಚಿನ್ನದ ಎಳೆ. ದಂಡಿಗೆ ನಡೆದದ್ದು 241 ಮೈಲಿ; ಅದಕ್ಕೇ ಪೆನ್ನೂ 241. ಒಂದಕ್ಕೆ 11 ಲಕ್ಷ ರೂಪಾಯಿಗೂ ಮೇಲೆ. ಬಡವನ ಗಂಜಿಯ ಉಪ್ಪಿಗೆ ತೆರಿಗೆ ಬೇಡ ಅಂತ 1930ರಲ್ಲಿ ನಡೆದ ನಡಿಗೆಯ ಲೆಕ್ಕ ಅದು! ಕೇರಳದಲ್ಲಿ ಕೋರ್ಟಿಗೆ ಹೋದರು. 2010ರಲ್ಲಿ ಇಲ್ಲಿ ಮಾರಾಟ ನಿಂತಿತು.

ಬೆಲೆ ಕಂಡು ಬೈಯೋದು ಸುಲಭ. ನಾನೂ ಬೈದೆ. ಆಮೇಲೆ ನೆನಪಾಯ್ತು, ಬಾಬಾಸಾಹೇಬರಿಗೂ ಒಳ್ಳೆ ಪೆನ್ನುಗಳ ಹುಚ್ಚಿತ್ತು. ಅಕ್ಷರವನ್ನೇ ಮುಟ್ಟಗೊಡದ ಸಮಾಜದಲ್ಲಿ ಹುಟ್ಟಿದವರು ಒಳ್ಳೆ ಪೆನ್ನು ಬೇಕು ಅಂದರೆ ಅದನ್ನ ಶೋಕಿ ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ಅವರು ಬರೆದರು, ರಾತ್ರಿಯೆಲ್ಲ ಕೂತು ಬರೆದರು.

ಸಂಗ್ರಾಹಕರ ಲೋಕ ಬೇರೆ. ಅಲ್ಲಿ ಮಸಿ ತುಂಬಿದರೆ ಬೆಲೆ ಇಳೀತದೆ. ಡಬ್ಬಿ, ನಂಬರು, ಕಾಗದಪತ್ರ ಕೆಡದೆ ಇರಬೇಕು. ಹೊಸ ಪೆನ್ನು ಬಂತು ಅಂದರೆ ಎಷ್ಟು ಮಾಡಿದ್ದಾರೆ ಅನ್ನೋದೇ ಮೊದಲ ಪ್ರಶ್ನೆ, ಹೇಗೆ ಬರೀತದೆ ಅನ್ನೋದು ಆಮೇಲೆ. ಇನ್ನೊಬ್ಬನಿಗೆ ಸಿಗದಿರೋದೇ ಅದರ ಸುಖ. ಮುಟ್ಟಿದರೆ ಮೈಲಿಗೆ ಅನ್ನೋದು ನಾವು ಕೇಳಿ ಬೆಳೆದ ಮಾತೇ. ಇಲ್ಲಿ ಮಸಿಯೇ ಮೈಲಿಗೆ. ಕೊಂಡ ಪೆನ್ನಲ್ಲಿ ಬರೆಯೋ ಸಂಗ್ರಾಹಕರೂ ಇದ್ದಾರೆ, ಇಲ್ಲ ಅನ್ನೋದಿಲ್ಲ. ಅವರ ಜೊತೆ ನನ್ನ ಜಗಳವಿಲ್ಲ.